ಪದ್ಮಾ ಚೀಟಿ

ಪದ್ಮಾ, ಅವತ್ತು ಲೇಬಲ್ ಅದಲು ಬದಲಾಗಿರಲಿಲ್ಲ. ತಪ್ಪು ಬ್ರಶ್ಶಿನದು, ಬ್ರಶ್ ಹಿಡಿದ ಕೈ ನನ್ನದು. ಅದು ನನಗೆ ಆಗಲೇ ಗೊತ್ತಿತ್ತು.

ಇಷ್ಟು ಬರೆಯುವುದಕ್ಕೆ ಮೂವತ್ತು ವರ್ಷ ಬೇಕಾಯಿತು ಎಂದು ಮುಂದುವರಿಸಲು ಹೊರಟಿದ್ದೆ. ಹೊಡೆದು ಹಾಕಿದೆ — ನಿಜವಲ್ಲ. ಬರೆಯಲು ಎರಡು ನಿಮಿಷ ಸಾಕಾಯಿತು. ಆ ಮೂವತ್ತು ವರ್ಷದಲ್ಲಿ ಬರೆಯಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ, ಅಷ್ಟೆ.

ನಾನು ಚೆನ್ನಾಗಿಯೇ ಇದ್ದೆ. ಹಾಸ್ಟೆಲ್ಲಿನ ಗಂಟೆಗೆ ಎದ್ದು ಬೆಳೆದವಳು; ಇಂದಿಗೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಕಾಫಿ, ಆರಕ್ಕೆ ಕೆಂಗೇರಿ ಉಪನಗರದ ಪಾರ್ಕಿನಲ್ಲಿ ನಡಿಗೆ, ಏಳೂವರೆಗೆ ತಿಂಡಿ. ಯಜಮಾನರು ಪೇಪರ್ ಓದಿ ಮಡಿಸುವ ಹೊತ್ತಿಗೆ ನನ್ನ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಮತ್ತೆ ಸ್ಪಷ್ಟ. ಈ ತಪ್ಪು ನನ್ನನ್ನು ಹಗಲಿರುಳು ಕಾಡಿತು ಎಂದು ಬರೆದರೆ ಅದು ನಿನಗೆ ಹೇಳುವ ಇನ್ನೊಂದು ಸುಳ್ಳಾಗುತ್ತದೆ. ಕಾಡಲಿಲ್ಲ. ಕಳೆದ ತಿಂಗಳು ನಿನ್ನ ಅಡುಗೆಮನೆಯಲ್ಲಿ ಆ ಬೇಳೆ ಡಬ್ಬಿ ನೋಡುವವರೆಗೆ —

ಆದರೆ ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಬರೆಯಲು ಬರುವುದಿಲ್ಲ. ನಿನ್ನ ನಂತರ ಇದನ್ನು ಬೇರೆಯವರೂ ಓದಬೇಕು ಎಂದು ನನ್ನ ಆಸೆ; ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನೀನು ನಮ್ಮ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿದ ಇಪ್ಪತ್ತಮೂರು ವರ್ಷದ ಹುಡುಗಿ. ಅದೇ ವರ್ಷ ವೃಷಭಾವತಿ ನದಿಯ ನೀರು ಎಷ್ಟು ಕೆಟ್ಟಿದೆ ಎಂದು ಪಾಚಿಯಿಂದ ತಿಳಿಯುವ ಒಂದು ಸಂಶೋಧನೆಯ ಕೆಲಸ ನಮಗೆ ಬಂತು. ಬಾಟಲಿಯಲ್ಲಿ ಹಿಡಿದು ತಂದ ನೀರು ಆ ಗಳಿಗೆಯ ಸಂಗತಿ ಮಾತ್ರ ಹೇಳುತ್ತದೆ. ನಿನ್ನೆ ಯಾರಾದರೂ ಕೊಳೆ ಬಿಟ್ಟಿದ್ದರೆ ಅದು ಇವತ್ತಿಗೆ ಹರಿದು ಹೋಗಿರುತ್ತದೆ. ಕಲ್ಲಿಗೆ ಅಂಟಿಕೊಂಡ ಪಾಚಿ ಎಲ್ಲಿಗೂ ಹೋಗಲಾರದು. ತನ್ನ ಮೇಲೆ ಏನು ಹರಿದು ಬಂತೋ ಅದರಲ್ಲೇ ಬದುಕಬೇಕು, ಇಲ್ಲ ಸಾಯಬೇಕು. ತಿಳಿನೀರನ್ನು ಬಿಟ್ಟು ಬೇರೆಡೆ ಬಾಳದ ಜಾತಿಗಳಿವೆ, ಕೊಳಚೆಯಲ್ಲೇ ಕೊಬ್ಬುವ ಜಾತಿಗಳಿವೆ. ಯಾವುದು ಎಷ್ಟಿದೆ ಎಂದು ಎಣಿಸಿದರೆ, ಕಳೆದ ಕೆಲವು ವಾರ ಆ ನದಿ ಹೇಗೆ ಬದುಕಿತು ಎಂಬುದು ಗೊತ್ತಾಗುತ್ತದೆ.

ಎಣಿಸುವುದನ್ನು ನಿನಗೆ ನಾನೇ ಕಲಿಸಿದೆ. ನಾವು ಎಣಿಸುತ್ತಿದ್ದುದು ಡಯಾಟಮ್ ಎಂಬ ಪಾಚಿ. ಬರಿಗಣ್ಣಿಗೆ ಕಲ್ಲಿನ ಮೇಲಿನ ಕಂದು ಲೋಳೆ. ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಕ್ಕೂ ಒಂದೊಂದು ಗಾಜಿನ ಚಿಪ್ಪು. ಅವುಗಳ ಉದ್ದುದ್ದ ಹೆಸರು ನಿನ್ನ ಬಾಯಿಗೆ ಬರಲಿಲ್ಲ, ನೀನೇ ಹೆಸರಿಟ್ಟೆ. ಕೆಂಗೇರಿಯ ಕೊಳಚೆಯಲ್ಲಿ ತುಂಬಿರುತ್ತಿದ್ದುದು 'ಸೂಜಿ'. ಮಾಗಡಿ ಕಡೆಯ ಬೆಟ್ಟದ ಹಳ್ಳದಲ್ಲಿ ಮಾತ್ರ ಸಿಗುತ್ತಿದ್ದ, ಸ್ವಲ್ಪ ಬಾಗಿದ ಚೆಲುವೆ 'ಬಾಳೆಕಾಯಿ'. ಎಂ.ಎಸ್ಸಿ. ಮಾಡಿದವರಿಗಿಂತ ನಿನ್ನ ಕಣ್ಣು ಚುರುಕಾಗಿತ್ತು. ನಿನ್ನನ್ನು ಸಂಶೋಧನಾ ಸಹಾಯಕಿಯಾಗಿ ತೆಗೆದುಕೊಳ್ಳಬೇಕೆಂದು ಶಿಫಾರಸು ಪತ್ರ ಬರೆದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಸಹಿ ಕೂಡ ಮಾಡಿಯಾಗಿತ್ತು. ಇದು ನಿನಗೆ ಗೊತ್ತಿಲ್ಲ.

ಕಲ್ಲಿನಿಂದ ಪಾಚಿ ತೆಗೆಯುವ ಕ್ರಮ ಹೀಗಿತ್ತು: ಕಲ್ಲಿನ ಮೇಲೆ ಒಂದು ಬಳೆ ಇಡುವುದು — ಬಳೆಯ ಉಪಾಯ ನಿನ್ನದೇ, ನಿನ್ನ ಕೈಯಿಂದಲೇ ತೆಗೆದು ಕೊಟ್ಟಿದ್ದೆ — ಅದರ ಒಳಗಿನಷ್ಟು ಜಾಗವನ್ನು ಮಾತ್ರ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು, ಆ ಲೋಳೆಯನ್ನು ತಟ್ಟೆಗೆ ತೊಳೆದು ಬಾಟಲಿಗೆ ಸುರಿಯುವುದು. ಬೆಟ್ಟದ ಹಳ್ಳಕ್ಕೆ ಹಸಿರು ಬ್ರಶ್. ಕೆಂಗೇರಿಗೆ ಕೆಂಪು ಬ್ರಶ್. ಬ್ರಶ್ಶಿನ ಕೂದಲ ಬುಡದಲ್ಲಿ ಚಿಪ್ಪು ಸಿಕ್ಕಿಕೊಳ್ಳುತ್ತದೆ, ಎಷ್ಟು ಜಾಲಿಸಿದರೂ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಹೋಗಕೂಡದು. ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿದವಳು ನಾನು.

ಅವತ್ತು ಬೆಳಿಗ್ಗೆ ಬೆಟ್ಟದ ಹಳ್ಳದ ಕೆಲಸ ಮುಗಿಸಿ ಕಾಲೇಜಿನ ಜೀಪಿನಲ್ಲಿ ಕೆಂಗೇರಿಗೆ ಬಂದೆವು. ನೀನು ದಂಡೆಯ ಮೇಲೆ ಬಾಟಲಿ ಜೋಡಿಸಿ ಲೇಬಲ್ ಬರೆಯುತ್ತಿದ್ದೆ. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ನೀರಿಗಿಳಿದು, ಚೀಲಕ್ಕೆ ಕೈ ಹಾಕಿದೆ. ಕೆಂಪು ಬ್ರಶ್ ಇಲ್ಲ. ಹಿಂದಿನ ಸಲ ತೊಳೆದು ಮನೆಯ ಕಿಟಕಿಯಲ್ಲಿ ಒಣಗಲು ಇಟ್ಟವಳು ಮರೆತು ಬಂದಿದ್ದೆ. ನಾನು — ಯಾವುದನ್ನೂ ಮರೆಯದವಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. "ಪದ್ಮಾ, ಬ್ರಶ್ ಮರೆತೆ ಕಣೇ, ನಾಳೆ ಬರೋಣ." ನೀನು ನಗುತ್ತಿದ್ದೆ, ಅಷ್ಟೆ. ಡ್ರೈವರ್ ಗೊಣಗುತ್ತಿದ್ದ. ಹಸಿರು ಬ್ರಶ್ಶನ್ನು ಹೊಳೆಯ ನೀರಿನಲ್ಲಿ ಎರಡು ಸಲ ಅಲ್ಲಾಡಿಸಿ, ಬಣ್ಣ ಕಾಣದ ಹಾಗೆ ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿ, ನಿನಗೆ ಬೆನ್ನು ಮಾಡಿ ಕಲ್ಲು ತಿಕ್ಕಿದೆ. ಬೆನ್ನು ಮಾಡಿದ್ದು — ಅದನ್ನು ಮರೆವು ಎನ್ನಲಾಗದು.

ವಾರದ ನಂತರ ನೀನು ಎಣಿಸಲು ಕೂತೆ. ಪಕ್ಕದ ಕೋಣೆಯಿಂದ ನನಗೆ ನಿನ್ನ ಸ್ಟೂಲು ಹಿಂದೆ ಸರಿದ ಸದ್ದು ಕೇಳಿಸಿತು, ಓಡಿ ಬಂದೆ ನೀನು.

"ಮೇಡಂ, ಕೆಂಗೇರಿ ಕಲ್ಲಲ್ಲಿ ಬಾಳೆಕಾಯಿ ಇದೆ ಮೇಡಂ! ಒಂದಲ್ಲ, ಹನ್ನೊಂದು!"

ನಿನ್ನ ಮುಖ ಇನ್ನೂ ಕಣ್ಣ ಮುಂದಿದೆ. ಕೆಂಗೇರಿಯ ಹಳೇ ಊರಿನವಳು ನೀನು. ನಿಮ್ಮಜ್ಜಿ ಅದೇ ಹೊಳೆಯಲ್ಲಿ ಬಟ್ಟೆ ಒಗೆದು, ಅದೇ ನೀರನ್ನು ಬಿಂದಿಗೆಯಲ್ಲಿ ಮನೆಗೆ ಹೊತ್ತವರು ಎಂದು ನೀನು ನೂರು ಸಲ ಹೇಳಿದ್ದೆ. "ಹೊಳೆ ಸುಧಾರಿಸ್ಕೊಂತಾ ಇದೆ ಅಲ್ವಾ ಮೇಡಂ? ನಮ್ಮಜ್ಜಿಗೆ ಹೇಳ್ಬಿಡ್ತೀನಿ ಇವತ್ತೇ" ಎಂದೆ. ನನಗೆ ತಕ್ಷಣ ಹೊಳೆಯಿತು — ಹನ್ನೊಂದು ಚಿಪ್ಪೂ ನನ್ನ ಹಸಿರು ಬ್ರಶ್ಶಿನಲ್ಲಿ ಕೂತು ಬೆಟ್ಟದಿಂದ ಬಂದವು. ಆಮ್ಲದಲ್ಲಿ ಕುದಿಸಿ ತೊಳೆದ ಮೇಲೆ ಉಳಿಯುವುದು ಚಿಪ್ಪು ಮಾತ್ರ. ಅದು ಆ ಕಲ್ಲಿನ ಮೇಲೇ ಬದುಕಿತ್ತೋ ಇಲ್ಲವೋ ಎಂದು ಯಾರೂ ಹೇಳಲಾರರು. ನಾನು "ನೋಡೋಣ" ಎಂದೆ. ನೀನು ಸಂಜೆ ಅಜ್ಜಿಗೆ ಹೇಳಿದೆ.

ಸೋಮವಾರ ವಿಭಾಗದ ಮುಖ್ಯಸ್ಥರು ಎಲ್ಲರ ಎದುರು ಪಟ್ಟಿ ಹಿಡಿದು ಕೇಳಿದರು: "ಇದೇನ್ರೀ ಇದು? ಚರಂಡಿಯಲ್ಲಿ ಚಂದನ?" ಎಲ್ಲರೂ ನಕ್ಕರು. ನಾನು ಹೇಳಿದ್ದು ಇಷ್ಟು — ಅಕ್ಷರಶಃ ನೆನಪಿದೆ:

"ಲೇಬಲ್ ಅದಲು ಬದಲಾಗಿರಬೇಕು ಸಾರ್. ಲೇಬಲ್ ಬರೆದದ್ದು ಪದ್ಮಾ."

ನೀನು ವಾದ ಮಾಡುತ್ತೀಯ ಎಂದುಕೊಂಡಿದ್ದೆ. ಮಾಡಿದ್ದರೆ ನಾನು — ಗೊತ್ತಿಲ್ಲ. ನೀನು ನಿನ್ನ ಎರಡೂ ಅಂಗೈ ನೋಡಿಕೊಂಡೆ. ಆಮೇಲೆ ನನ್ನ ಮುಖ ನೋಡಿದೆ. ಅನುಮಾನದಿಂದ ಅಲ್ಲ. ಮೇಡಂ ಹೇಳಿದ ಮೇಲೆ ಹಾಗೇ ಇರಬೇಕು ಎಂಬ ನಂಬಿಕೆಯಿಂದ. "ಇರಬಹುದು ಸಾರ್" ಎಂದೆ.

ಲೇಬಲ್ ಅದಲು ಬದಲಾಗಿದ್ದರೆ ಬೆಟ್ಟದ ಬಾಟಲಿಯಲ್ಲಿ ಕೊಳಚೆಯ ಸೂಜಿಗಳು ತುಂಬಿರಬೇಕಿತ್ತು. ಒಂದೂ ಇರಲಿಲ್ಲ. ಅಲ್ಲಿದ್ದ ಆರು ಜನ ಓದಿದವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಯಾರಾದರೂ ಕೇಳುವ ಮುಂಚೆ ನಾನು ಪ್ರಯೋಗಾಲಯಕ್ಕೆ ಹೋಗಿ ಎರಡೂ ಬಾಟಲಿಗಳನ್ನು ಸಿಂಕಿಗೆ ಸುರಿದೆ. ಸ್ಲೈಡುಗಳನ್ನೂ ತೊಳೆದು ಒರೆಸಿದೆ. ಅಷ್ಟು ವರ್ಷದಲ್ಲಿ ನಾನು ಅಲ್ಲಿ ಕೈಯಾರೆ ಗಾಜು ತೊಳೆದದ್ದು ಅದೊಂದೇ ದಿನ. ನೀನು ಬಾಗಿಲಲ್ಲಿ ನಿಂತು "ಬಿಡಿ ಮೇಡಂ, ನಾನು ತೊಳೀತೀನಿ" ಎಂದೆ.

ತಿಂಗಳೊಳಗೆ ನಿನ್ನನ್ನು ಗ್ರಂಥಾಲಯಕ್ಕೆ ಹಾಕಿದರು. ಡ್ರಾಯರಿನ ಪತ್ರವನ್ನು ಹರಿದು ಹಾಕಿದೆ. ನಾನು ಹಾಗೇಕೆ ಮಾಡಿದೆ ಎಂದು ಇಲ್ಲಿ ಒಂದು ಪುಟ ಬರೆದಿದ್ದೆ. ಓದಿ ನೋಡಿದರೆ ಪ್ರತಿ ಸಾಲೂ ನನ್ನ ಪರವಾಗಿಯೇ ಮಾತಾಡುತ್ತಿತ್ತು. ಆ ಪುಟ ತೆಗೆದಿದ್ದೇನೆ.

ಇಷ್ಟಕ್ಕೆ ನಿಂತಿದ್ದರೆ — ಇಲ್ಲ, ಇಷ್ಟಕ್ಕೆ ನಿಲ್ಲಲಿಲ್ಲ. ಮುಂದಿನ ವರ್ಷದಿಂದ ನಾನು ಹೊಸ ನಿಯಮ ತಂದೆ. ಬಾಟಲಿಯ ಹೊರಗೆ ಅಂಟಿಸುವ ಲೇಬಲ್ ಅಲ್ಲದೆ, ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿಯನ್ನು ಬಾಟಲಿಯ ಒಳಗೂ ಹಾಕಬೇಕು. ಏಕೆ ಎಂದು ವಿದ್ಯಾರ್ಥಿಗಳು ಕೇಳಿದರೆ ಹೇಳುತ್ತಿದ್ದೆ: "ಹಿಂದೆ ಪದ್ಮಾ ಅಂತ ಒಬ್ಬಳಿದ್ದಳು. ಒಳ್ಳೆಯ ಹುಡುಗಿ. ಒಂದು ದಿನ ಲೇಬಲ್ ಅದಲು ಬದಲು ಮಾಡಿದಳು." ಹುಡುಗರು ಅದಕ್ಕೆ 'ಪದ್ಮಾ ಚೀಟಿ' ಎಂದು ಹೆಸರಿಟ್ಟರು. ನಾನು ತಡೆಯಲಿಲ್ಲ. ನೀನು ಎರಡು ಮಹಡಿ ಮೇಲೆ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದೆ. ಎಷ್ಟೋ ತಂಡಗಳು ಕಲಿತು ಹೋದವು. ಆ ಕಥೆಯನ್ನು ಎಷ್ಟು ಸಲ ಹೇಳಿದೆನೆಂದರೆ, ಕೊನೆಕೊನೆಗೆ ನಾನೂ ಅದನ್ನು — ನಂಬಿದೆ ಎನ್ನಲಾರೆ. ಕೇಳಿಸಿಕೊಳ್ಳುವುದನ್ನು ಬಿಟ್ಟೆ.

ನಿವೃತ್ತಿಯ ಮೇಲೆ ಕೆಂಗೇರಿಗೇ ಬಂದು ನೆಲೆಸಿದೆ. ಪಾರ್ಕಿನಲ್ಲಿ ನಡೆಯುವ ನಾವು ಏಳೆಂಟು ಮಂದಿ ಹಿರಿಯರು ಸೇರಿ, ತಿಂಗಳ ಮೊದಲ ಭಾನುವಾರ ಹೊಳೆಯ ಕಲ್ಲು ತಿಕ್ಕುತ್ತೇವೆ. ಗಮ್‌ಬೂಟು, ಕೈಗವಸು, ಬಳೆ, ಬ್ರಶ್. ಎಣಿಸುವುದು ನಮ್ಮ ಮನೆಯ ಊಟದ ಮೇಜಿನ ಮೇಲೆ. ಸೇತುವೆ ಮೇಲೆ ಹೋಗುವ ಆಟೋದವರು ನಿಲ್ಲಿಸಿ ಕೂಗುತ್ತಾರೆ: "ಏನ್ ಆಂಟಿ, ಹೊಳೆಗೆ ಹಲ್ಲುಜ್ಜುಸ್ತಾ ಇದೀರಾ?" ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ನಮ್ಮ ಮುನಿಯಪ್ಪನವರು ಬಿಡುವುದಿಲ್ಲ: "ಬಾರಪ್ಪ, ನಿಂದೂ ಉಜ್ಜುಸ್ತೀವಿ, ಬಾಯ್ಬಿಡು!" ಪದ್ಮಾ ಚೀಟಿ ಎಂಬ ಹೆಸರು ಮೊದಲ ಸಲ ಕೇಳಿದಾಗ ಅವರು, "ತಿಂಗಳಿಗೆ ಎಷ್ಟು ಕಟ್ಬೇಕು ಮೇಡಂ ಈ ಚೀಟಿಗೆ?" ಎಂದು ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕಿದ್ದೆ.

ಈ ವರ್ಷ ನಮ್ಮ ಗುಂಪಿಗೆ ಗೌರಮ್ಮ ಸೇರಿದರು. ಅವರು ನಿನ್ನ ನಾದಿನಿ ಎಂದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು; ದನಿ ಕೇಳಿದ ಕೂಡಲೇ ಗುರುತು ಹಿಡಿದೆ.

"ಮೇಡಂ, ನಾನು ಪದ್ಮಾ! ನನ್ ಹೆಸರಲ್ಲಿ ಒಂದ್ ಚೀಟಿ ಇದೆಯಂತೆ? ಗೌರಕ್ಕ ಹೇಳಿದ್ರು. ನಮ್ಮನೆಯವರಿಗೆ ಹೇಳ್ದೆ, ನೋಡ್ರಿ, ನಾನೂ ವಿಜ್ಞಾನಕ್ಕೆ ಏನೋ ಕೊಟ್ಟಿದೀನಿ ಅಂತ!"

ಕುಹಕವಿಲ್ಲ, ನೋವಿಲ್ಲ. ಸಂತೋಷ. ಮನೆಗೆ ಬರಲೇಬೇಕು ಎಂದು ನೀನು ಕರೆದೆ. ನಾನು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು ಕುರುಬರಹಳ್ಳಿಯ ನಿನ್ನ ಮನೆಗೆ ಬಂದೆ, ಹನ್ನೊಂದಕ್ಕೆ ಸರಿಯಾಗಿ. ಎಷ್ಟು ಚೆನ್ನಾಗಿದೆ ನಿನ್ನ ಮನೆ. ತಾರಸಿಯ ಮೇಲೆ ತೊಂಡೆ ಚಪ್ಪರ, ಮಾತಿಗೊಮ್ಮೆ ಕೆಣಕುವ ನಿನ್ನ ಯಜಮಾನರು ಶಿವಣ್ಣನವರು. ಅವಲಕ್ಕಿ ಒಗ್ಗರಣೆ ಹಾಕುತ್ತೇನೆ ಎಂದು ನೀನು ಎದ್ದೆ, ನಾನೂ ಹಿಂದೆಯೇ ಅಡುಗೆಮನೆಗೆ ಬಂದೆ.

ಸಾಲಾಗಿ ಡಬ್ಬಿಗಳು. ಮುಚ್ಚಳದ ಮೇಲೆ 'ಕಡಲೆಬೇಳೆ'. ಡಬ್ಬಿಯ ಮೈಮೇಲೆ 'ಕಡಲೆಬೇಳೆ'. ನೀನು ಮುಚ್ಚಳ ತೆಗೆದೆ — ಒಳಗೆ ಬೇಳೆಯ ಮೇಲೆ ಮಡಿಸಿದ ಒಂದು ಚೀಟಿ. ಪೆನ್ಸಿಲಿನಲ್ಲಿ.

"ಬೇಳೆ ಅಂತ ಕಣ್ಣಿಗೇ ಕಾಣುತ್ತಲ್ಲ ಮೇಡಂ, ಇವಳಿಗೆ ಚೀಟಿ ಬೇಕು" ಎಂದರು ಶಿವಣ್ಣ ಬಾಗಿಲಿಂದ. "ಒಂದ್ಸಲ ಬೇಳೆ ಜೊತೆ ಚೀಟೀನೂ ಬೇಯ್ಸಿ ಬಡ್ಸಿದಾಳೆ. ನಾನು ಈರುಳ್ಳಿ ಅಂತ ತಿಂದೆ."

"ಸುಮ್ನಿರ್ರಿ ನೀವು" ಎಂದು ನಗುತ್ತಲೇ ನೀನು ನನ್ನ ಕಡೆ ತಿರುಗಿದೆ. "ಅವತ್ತಿಂದ ನನ್ ಕೈನ ನಾನು ನಂಬಲ್ಲ ಮೇಡಂ. ಬೀಗ ಹಾಕಿದ್ರೂ ಮೂರ್ ಸಲ ಎಳೆದು ನೋಡ್ತೀನಿ. ಮಾತ್ರೆ ಇವರಿಗೆ ಕೊಡಕ್ ಮುಂಚೆ ಪಕ್ಕದ್ಮನೆಯವರಿಗೆ ತೋರಿಸ್ತೀನಿ. ಏನ್ ಮಾಡೋದು, ಒಂದ್ಸಲ ಎಡವಿದ ಕೈ."

ಒಂದು ಸಲ ಎಡವಿದ ಕೈ.

ನಾನು ನಿನ್ನ ಕೆಲಸ ಕಿತ್ತುಕೊಂಡೆ ಎಂದು ಅಷ್ಟು ಕಾಲ ತಿಳಿದಿದ್ದೆ. ಅದಕ್ಕೆ ಪ್ರತಿಯಾಗಿ ಗ್ರಂಥಾಲಯ ಸಿಕ್ಕಿತು, ಸ್ವಯಂ ನಿವೃತ್ತಿ ಪಡೆದ ಮೇಲೆ ಪಿಂಚಣಿಯೂ ಸಿಕ್ಕಿತು, ನೀನು ಸುಖವಾಗಿದ್ದೀಯ ಎಂದು ಲೆಕ್ಕ ಮುಗಿಸಿದ್ದೆ. ಸುಖವಾಗಿಯೂ ಇದ್ದೀಯ — ಅದು ನನ್ನ ಕಣ್ಣಿಗೆ ಕಂಡಿತು. ಆದರೆ ನಾನು ತೆಗೆದುಕೊಂಡದ್ದು ಕೆಲಸವನ್ನಲ್ಲ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನು. ಹನ್ನೊಂದು ಚಿಪ್ಪನ್ನು ಒಂದೂ ತಪ್ಪದೆ ಎಣಿಸಿದ ಕೈ ಅದು. ಪ್ರಯೋಗಾಲಯದಲ್ಲಿ ನಾನು ಬಿಟ್ಟದ್ದು ನಿನ್ನ ಬೇಳೆ ಡಬ್ಬಿಯವರೆಗೂ ಹರಿದು ಬಂದು ಅಲ್ಲೇ ಅಂಟಿಕೊಂಡಿದೆ.

ಅಲ್ಲೇ ಹೇಳಬೇಕಿತ್ತು. ನೀನು ತಟ್ಟೆ ತಂದು ಕೈಗಿಟ್ಟಾಗ ಬಾಯಿ ತೆರೆದೆ. "ಅವಲಕ್ಕಿ ತುಂಬ ಚೆನ್ನಾಗಿದೆ" ಎಂದೆ. ನೀನು ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದೆ. ಶಿವಣ್ಣನವರು ಆಗಲೇ ಹೊರಗೆ ಹೋಗಿದ್ದರು; ನೀನು ಬೀಗ ಹಾಕಿ ಮೂರು ಸಲ ಎಳೆದೆ, ಬೀದಿಯ ತಿರುವಿನಿಂದ ವಾಪಸು ಹೋಗಿ ನಾಲ್ಕನೆಯ ಸಲ ಎಳೆದು ಬಂದೆ. ನಾನು ಅಲ್ಲೇ ನಿಂತು ಕಾದೆ. ನೀನು ಮೊದಲ ಸಲವೇ ಸರಿಯಾಗಿ ಹಾಕಿದ್ದೆ, ಪದ್ಮಾ. ನಾನು ನೋಡಿದ್ದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ "ಬಿಡಿ ಮೇಡಂ" ಎಂದುಬಿಡುತ್ತೀಯ, ಅವತ್ತು ಸಿಂಕಿನ ಹತ್ತಿರ ಎಂದ ಹಾಗೆ. ಅದು ನನಗೆ ಬೇಡ. ನಿನಗೆ ಸಿಟ್ಟು ಬಂದರೆ ಅದಕ್ಕೆ ಬೇಕಾದಷ್ಟು ಸಮಯ ತೆಗೆದುಕೋ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಈ ಹಾಳೆಗಳನ್ನು ಗೌರಮ್ಮನ ಕೈಯಲ್ಲಿ ಕಳಿಸುವುದಿಲ್ಲ. ನಾನೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ. ಮುಖ ತಿರುಗಿಸುವುದಿಲ್ಲ. ಶಿವಣ್ಣನವರೂ ಓದಲಿ. ನಿಮ್ಮಜ್ಜಿ ಈಗಿಲ್ಲ; ಅವರಿಗೆ ನೀನು ಹೇಳಿದ್ದು ಸುಳ್ಳಾಗುವಂತೆ ಮಾಡಿದವಳೂ ನಾನೇ — ಅದನ್ನು ಯಾರಿಗೆ ಒಪ್ಪಿಸಲಿ, ತಿಳಿಯದು. ಚೀಟಿಗೆ ನಿನ್ನ ಹೆಸರು ಇರಬೇಕೋ ಬೇಡವೋ ನೀನು ಹೇಳು. ಇದ್ದರೂ ಇನ್ನು ಮುಂದೆ ಆ ಕಥೆ ಬೇರೆ.

ಭಾನುವಾರ ಕೆಂಗೇರಿ ಸೇತುವೆಯ ಕೆಳಗೆ, ನೀನು ಬಂದರೂ ಬಾರದಿದ್ದರೂ, ಕಲ್ಲು ಮುಟ್ಟುವ ಮೊದಲು ಇದನ್ನು ಎಲ್ಲರಿಗೂ ಓದಿ ಹೇಳುತ್ತೇನೆ. ಮುನಿಯಪ್ಪನವರು ಅವತ್ತು ತಮಾಷೆ ಮಾಡಲಾರರು. ಹಳೆಯ ವಿದ್ಯಾರ್ಥಿಗಳಲ್ಲಿ ವಿಳಾಸ ಸಿಕ್ಕವರಿಗೆಲ್ಲ ಒಂದೊಂದು ಪ್ರತಿ ಹೋಗುತ್ತದೆ. ದಿನಕ್ಕೆ ನಾಲ್ಕರಂತೆ ಲಕೋಟೆ ಬರೆಯಲು ಶುರು ಮಾಡಿದ್ದೇನೆ.

ಆಮೇಲೆ ಕೆಂಪು ಬ್ರಶ್ಶನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನೀರಿಗಿಳಿಯುತ್ತೇನೆ. ದಂಡೆಯ ಮೇಲೆ ಬಾಟಲಿಗಳ ಪಕ್ಕ ಒಂದು ಸ್ಟೂಲು, ಒಂದು ಪೆನ್ಸಿಲು ಇಟ್ಟಿರುತ್ತೇನೆ. ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ನೀನು ಬಂದು ಕೂತರೆ, ಲೇಬಲ್ಲನ್ನು ಒಂದೇ ಸಲ ಬರೆ, ಪದ್ಮಾ. ಒಂದು ಸಲ ಸಾಕು.